ಪ್ರಳಯಕ್ಕೆ ಸಾಕ್ಷಿ ಕೇಳಿದ ಮಾಮಾ

ನಮ್ಮ ಮಾಮಾನಂಥ ಜಗಳಗಂಟನನ್ನು ನೀವು ನೋಡಿರಲಾರಿರಿ. ಬೇರೆಯವರು ನಲ್ಲಿಯ ನೀರಿಗೆ, ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ ತೆಗೆಯುತ್ತಾರೆ. ನಮ್ಮ ಮಾಮಾ ಜಗಳ ತೆಗೆದದ್ದು ಸಾಕ್ಷಾತ್ ಮನುವಿನ ಜೊತೆಗೆ! ಮನು ಎಂದರೆ ಹಿಂದಿನ ಓಣಿಯ ಮನೋಹರ ಎಂದು ತಿಳಿಯಬೇಡಿ. ಬೊಗಸೆಯಲ್ಲಿ ಸಿಕ್ಕ ಮೀನಿನ ಮರಿಯನ್ನು ಸಾಕಿ ಬೆಳೆಸಿ, ಪ್ರಳಯ ಬಂದು ಲೋಕವೆಲ್ಲ ಮುಳುಗಿದಾಗ ಅದೇ ಮೀನಿನ ಕೊಂಬಿಗೆ ದೋಣಿ ಕಟ್ಟಿ ಪಾರಾದನಲ್ಲ, ಆ ಪುರಾಣದ ಮನು. ಅಂಥದ್ದೊಂದು ಪ್ರಳಯ ಆಗಿಯೇ ಇಲ್ಲ ಎಂಬುದು ಮಾಮಾನ ವಾದ. ಪಾಪ, ಮನು ಬಂದು ಉತ್ತರ ಕೊಡುವ ಹಾಗಿಲ್ಲ. ಆದ್ದರಿಂದ ಅವನ ಪರವಾಗಿ ನಾವೆಲ್ಲ ಏಳೆಂಟು ವರ್ಷ ಬೈಸಿಕೊಂಡೆವು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಗಡಿಯಾಚೆಯ ಮಗ್ಗಗಳ ಊರು ಇಚಲಕರಂಜಿಯಲ್ಲಿ ಜಾಬರ್ ಆಗಿದ್ದವನು. ವಿದ್ಯುತ್ ಮಗ್ಗ ಕೆಟ್ಟು ನಿಂತರೆ ಬಿಚ್ಚಿ ಸರಿಮಾಡುವವನಿಗೆ ಅಲ್ಲಿ ಜಾಬರ್ ಎನ್ನುತ್ತಾರೆ. ನಲವತ್ತು ವರ್ಷ ಮಗ್ಗ ಬಿಚ್ಚಿ ಬಿಚ್ಚಿ, ಬಿಚ್ಚಿ ನೋಡದ ಹೊರತು ಯಾವುದನ್ನೂ ನಂಬಬಾರದು ಎಂಬ ರೋಗ ಅವನಿಗೆ ಅಂಟಿತ್ತು. ಗಡಹಿಂಗ್ಲಜಕ್ಕೆ ನಮ್ಮ ಮನೆಗೆ ಬಂದರೆ ಮಿಕ್ಸರ್ ಬಿಚ್ಚುತ್ತಾನೆ, ಫ್ಯಾನ್ ಬಿಚ್ಚುತ್ತಾನೆ. ಒಮ್ಮೆ ನನ್ನ ಗಂಡನ ಹೊಸ ಕೈಗಡಿಯಾರ ಬಿಚ್ಚಿದ. ಅದು ಈಗಲೂ ಬಿಚ್ಚಿಕೊಂಡೇ ಇದೆ! ಅಂಥವನ ಕೈಗೆ ಪುರಾಣ ಸಿಕ್ಕರೆ ಬಿಟ್ಟಾನೆಯೇ?

ಆದರೆ ಇದು ಬರೀ ಪುರಾಣದ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಈ ವಾದದ ಬೆನ್ನಿಗೆ ನಮ್ಮ ಮಾಮಿಯ ಬದುಕೇ ಕಟ್ಟಿಕೊಂಡಿತ್ತು.

ಮಾಮಾನ ಮನೆ ಪಂಚಗಂಗೆಯ ದಡದ ತಗ್ಗಿನ ಓಣಿಯಲ್ಲಿದೆ. ಕೆಳಗೆ ಎರಡು ಕೋಣೆ, ಮೇಲೆ ಒಂದು ಮಾಳಿಗೆ. ಹೊಳೆ ಏರಿದಾಗಲೆಲ್ಲ ನೀರು ಹೇಳದೆ ಕೇಳದೆ ಒಳಗೆ ಬರುತ್ತದೆ. ಇಳಿದ ಮೇಲೆ ಮಾಮಾ ಮಾಡುವ ಮೊದಲ ಕೆಲಸ ಕೆಸರು ಬಳಿಯುವುದಲ್ಲ. ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೋಡೆಯ ಮೇಲೆ ಕೆಂಪು ಬಣ್ಣದ ಗೆರೆ ಎಳೆಯುವುದು! ನಮ್ಮ ಕಡೆ ಹೊಳೆದಂಡೆಯ ಮನೆಗಳಲ್ಲಿ ಇಂಥ ಗುರುತು ಹಾಕುವ ರೂಢಿ ಇದ್ದದ್ದೇ. ಬೇರೆಯವರು ಇಸವಿ ಬರೆಯುತ್ತಾರೆ, ಮಾಮಾ ಹೆಸರಿಡುತ್ತಾನೆ. ಎಲ್ಲಕ್ಕಿಂತ ಮೇಲಿನ ಗೆರೆ ‘ಎಮ್ಮಿ ಪೂರ’; ನೆರೆಗೆ ನಮ್ಮ ಕಡೆ ಪೂರ ಎನ್ನುತ್ತಾರೆ. ಆ ಸಲ ಎಮ್ಮೆಯನ್ನು ಮಾಳಿಗೆಗೆ ಹತ್ತಿಸಿದ್ದರು. ನೀರು ಇಳಿದ ಮೇಲೂ ನಾಲ್ಕು ದಿನ ಅದು ಇಳಿಯಲಿಲ್ಲ. ಅದರ ಕೆಳಗಿನದು ‘ಬೀಗರ ಪೂರ’. ಎರಡು ದಿನಕ್ಕೆಂದು ಬಂದ ಬೀಗರು ದಾರಿ ಮುಚ್ಚಿ ಹದಿನೆಂಟು ದಿನ ಉಳಿದರು. ಅವರಿಗಿಂತ ಎಮ್ಮೆಯೇ ವಾಸಿ ಎಂದು ಮಾಮಾ ಈಗಲೂ ಹೇಳುತ್ತಾನೆ. ಇನ್ನೂ ಕೆಳಗಿನದು ‘ಭಡಂಗ ಪೂರ’. ಆರು ದಿನ ಬರೀ ಖಾರದ ಚುರುಮುರಿ ತಿಂದು ಬದುಕಿದ ನೆನಪಿಗೆ.

ಮಾಮಿಗೆ ಈ ಗೆರೆಗಳನ್ನು ಕಂಡರೆ ಆಗದು. ಮಳೆಗಾಲ ಬಂತೆಂದರೆ ಅವಳ ನಿದ್ದೆ ಹಾರಿತು. ಆಷಾಢದಲ್ಲೇ ಗಂಟು ಕಟ್ಟುತ್ತಾಳೆ, ದೀಪಾವಳಿಗೆ ಬಿಚ್ಚುತ್ತಾಳೆ. ಗೋಕುಳ ಶಿರಗಾಂವ ಎಂಬ ಊರಿನ ಫೌಂಡ್ರಿಯಲ್ಲಿ ಮಗ ಕೆಲಸ ಮಾಡುತ್ತಾ ಅಲ್ಲೇ ಎತ್ತರದಲ್ಲಿ ಮನೆ ಕಟ್ಟಿಸಿದ. ಅಪ್ಪ ಅವ್ವನಿಗೆಂದು ಒಂದು ಕೋಣೆಯನ್ನೂ ಹೆಚ್ಚಿಗೆ ಹಾಕಿಸಿದ. ಅಲ್ಲಿಗೆ ಹೋಗೋಣ ಎಂಬುದು ಮಾಮಿಯ ಒಂದೇ ಆಸೆ. ಒಂದು ದಿನ ಅವಳು ತಡೆಯಲಾರದೆ ಅಂದಳು.

“ಇವತ್ತಿಲ್ಲ ನಾಳೆ ಎಲ್ಲಾ ಮುಣಗ್ತೈತ್ರಿ. ಮನು ಕಾಲಕ್ಕ ಜಗತ್ತ ಮುಣಗಿದ್ದಿಲ್ಲೇನು?”

“ಅದು ಆಗೇ ಇಲ್ಲ,” ಅಂದ ಮಾಮಾ. “ನೀರ ಬಂದ್ರ ಗುರುತ ಬಿಡ್ತೈತಿ. ನಮ್ಮ ಮನ್ಯಾಗ ಮೂರ ಗೆರಿ ಅದಾವ. ಜಗತ್ತ ಮುಣಗಿದ್ರ ಅದರ ಗೆರಿ ಎಲ್ಲೈತಿ? ಪ್ರಳಯ ಖರೇ ಆಗಿತ್ತಂತ ಸಾಕ್ಷಿ ತೋರ್ಸು. ಆವತ್ತ ಗಂಟ ಹೊತಗೊಂಡ ನಿನ್ನ ಹಿಂದ ಬರ್ತೇನಿ!”

ಮಾಮಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂದಿನಿಂದ ನಮ್ಮ ವಂಶದಲ್ಲಿ ಪ್ರಳಯ ಆಗಿತ್ತೆಂದು ಸಿದ್ಧಮಾಡಿ ತೋರಿಸುವ ಕೆಲಸ ಶುರುವಾಯಿತು.

ಮೊದಲ ಪ್ರಯತ್ನ ಮಾರುತಿ ಗುಡಿಯಲ್ಲಿ. ಮಾಮಿಯೇ ಹಟ ಮಾಡಿ ಮತ್ಸ್ಯಾವತಾರದ ಕೀರ್ತನೆ ಇಡಿಸಿದಳು. ಕೀರ್ತನಕಾರ ಮಹಾರಾಜರು ಮರಾಠಿಯಲ್ಲಿ ಎಂಥ ಸೊಗಸಾಗಿ ಹೇಳಿದರೆಂದರೆ, ವಾಸುಕಿ ಎಂಬ ಹಾವನ್ನೇ ಹಗ್ಗ ಮಾಡಿ ದೋಣಿಯನ್ನು ಮೀನಿನ ಕೊಂಬಿಗೆ ಕಟ್ಟುವಾಗ ಹೆಂಗಸರೆಲ್ಲ ಕೈಮುಗಿದು ಕೂತಿದ್ದರು. ಆಗ ಎದ್ದನಲ್ಲ ನಮ್ಮ ಮಾಮಾ!

“ಮಹಾರಾಜ, ಏಕ್ ಶಂಕಾ ಆಹೆ!”

“ವಿಚಾರಾ, ವಿಚಾರಾ,” ಅಂದರು ಅವರು. ಕೇಳಿ ಅಂದದ್ದೇ ತಪ್ಪಾಯಿತು. ಹಾವಿನ ಮೈ ನುಣುಪು, ಅದರಲ್ಲಿ ಗಂಟು ನಿಲ್ಲುವುದು ಹೇಗೆ? ನಲವತ್ತು ವರ್ಷ ನೂಲಿಗೆ ಗಂಟು ಹಾಕಿದ ಕೈ ಇದು, ಯಾವ ಗಂಟು ಅಂತ ಹೇಳಿ! ಮಹಾರಾಜರು ನಕ್ಕು ದೇವರ ಲೀಲೆ ಅಂದರು. ಮಾಮಾ ಕೂರಲಿಲ್ಲ. “ಬರಂ, ಪಾಣೀ ಉತರಲಂ ತೇ ಗೇಲಂ ಕುಠಂ?” ಇಳಿದ ನೀರು ಹೋಯಿತೆಲ್ಲಿಗೆ? “ಸಮುದ್ರಾತ,” ಅಂದರು ಮಹಾರಾಜರು. “ಸಮುದ್ರಚ್ ವರ ಆಲಾ ಹೋತಾ ಕೀ!” ಸಮುದ್ರವೇ ಅಲ್ಲವೇ ಮೇಲೆ ಬಂದದ್ದು! ಮಹಾರಾಜರು ಒಂದು ಗಳಿಗೆ ಮಾಮಾನನ್ನು ನೋಡಿದರು, ಒಂದು ಗಳಿಗೆ ಹಾರ್ಮೋನಿಯಂ ಪೇಟಿ ನುಡಿಸುವವನನ್ನು ನೋಡಿದರು, ಆಮೇಲೆ ಆರತಿ ಹಾಡಲು ಹೇಳಿದರು. ಆ ದಿನ ಪ್ರಸಾದ ಒಂದು ತಾಸು ಮೊದಲೇ ಸಿಕ್ಕಿತು. ಮಾಮಾ ಎರಡು ಸಲ ತೆಗೆದುಕೊಂಡ.

ಮಾಮಿ ಸೋಲುವವಳಲ್ಲ. ಪಕ್ಕದ ಮನೆಯ ಅಣ್ಣಾ ಜೈನರು. ಕಬ್ಬು ಬೆಳೆಯುವವರು, ದಿನಾ ಬಸದಿಗೆ ಹೋಗುವವರು, ಶಾಸ್ತ್ರ ಓದಿಕೊಂಡವರು. ಅವರ ಮಾತನ್ನು ಇಡೀ ಓಣಿ ಕೇಳುತ್ತದೆ. ಮಾಮಿ ಅವರನ್ನು ಚಹಾಕ್ಕೆ ಕರೆದು, ಮಾಮಾನ ಎದುರು ಕೂರಿಸಿ, ಬಾಗಿಲಿಗೆ ಒರಗಿ ನಿಂತಳು.

“ಅಣ್ಣಾ, ನೀವಾರ ಹೇಳ್ರಿ. ನಿಮ್ಮ ಶಾಸ್ತ್ರದಾಗ ಪ್ರಳಯ ಐತೋ ಇಲ್ಲೋ?”

“ಐತ್ರಿ ವೈನಿ. ಭಾಳ ದೊಡ್ಡ ಪ್ರಳಯ ಐತಿ,” ಅಂದರು ಅಣ್ಣಾ. ಮಾಮಿಯ ಮುಖ ಅರಳಿತು. ಅಣ್ಣಾ ಚಹಾ ಗುಟುಕರಿಸಿ ಮುಂದುವರಿಸಿದರು. “ಆದ್ರ ಅದು ಆಗಿ ಹೋಗಿದ್ದಲ್ಲ. ಈ ಕಾಲ ಮುಗಿದ ಮ್ಯಾಲ ಮುಂದ ಆಗೂದೈತಿ. ಇನ್ನ ಸಾವಿರಾರ ವರ್ಷ ಬೇಕ ನೋಡ್ರಿ.”

ಮಾಮಾ ಎದ್ದು ಅವರ ಕೈ ಕುಲುಕಿದ. “ಕೇಳಿದೇನ? ಸಾವಿರಾರ ವರ್ಷ ಟೈಮ್ ಐತಂತ! ಈಗ ಯಾಕ ಮನಿ ಬಿಡ್ಲಿ?”

ಮಾಮಿ ಅಣ್ಣಾನ ಎದುರಿಗಿದ್ದ ಬಿಸ್ಕೀಟಿನ ತಟ್ಟೆಯನ್ನು ಸುಮ್ಮನೆ ಒಳಗೆ ತೆಗೆದುಕೊಂಡು ಹೋದಳು.

ಮೂರನೆಯ ಪ್ರಯತ್ನ ನನ್ನದು. ಅಕ್ಕಪಕ್ಕದವರ ಸಾಕ್ಷಿ ಬೇಡ, ಜೋತಿಬಾ ದೇವರ ಎತ್ತರದ ಗುಡ್ಡಕ್ಕೇ ಹೋಗಿ ನೋಡೋಣ ಎಂದೆ. ನೀರು ಅಷ್ಟು ಏರಿದ್ದರೆ ಗುಡ್ಡದ ಮೇಲೆ ಗುರುತು ಇರಲೇಬೇಕಲ್ಲ? ದರ್ಶನ ಮಾಡಿಸಿ, ಹೋಳಿಗೆ ನೈವೇದ್ಯ ತಿನ್ನಿಸಿ, ಮನಸ್ಸು ಮೆತ್ತಗಾದಾಗ ಒಪ್ಪಿಸಿಬಿಡೋಣ ಎಂಬ ಲೆಕ್ಕ ನನ್ನದು. ಮಾಮಾ ಕಿಸೆಯಲ್ಲಿ ಅಳತೆಯ ಟೇಪು ಹಾಕಿಕೊಂಡು ಬಂದ! ಜನರು ದೇವರಿಗೆ ಸುತ್ತು ಬಂದರೆ ಈತ ಕಲ್ಲುಗಳಿಗೆ ಸುತ್ತು ಬಂದ. ಅಷ್ಟರಲ್ಲಿ ಮಾಮಿ ಕೂಗಿದಳು. “ಅಯ್ಯ, ಇಲ್ಲೆ ನೋಡ್ರಿ, ಗೆರಿ!”

ಓಡಿ ಹೋಗಿ ನೋಡಿದರೆ, ಖರೆ, ಕಲ್ಲಿನ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಉದ್ದಾನುದ್ದ ಒಂದು ಗೆರೆ! ಮಾಮಾ ಕುಕ್ಕರಗಾಲಿನಲ್ಲಿ ಕೂತು ನೋಡಿದ, ಟೇಪು ಹಿಡಿದು ಅಳೆದ, ಬೆರಳಿನಿಂದ ಒರೆಸಿದ, ಮೂಸಿದ. ಆಮೇಲೆ ಆ ಬೆರಳನ್ನು ಹಣೆಗೆ ಹಚ್ಚಿಕೊಂಡ.

“ಗುಲಾಲ,” ಅಂದ.

ಭಕ್ತರು ಎರಚಿದ ಗುಲಾಲ ಮಳೆಗೆ ತೊಳೆದು ಅಲ್ಲಿ ನಿಂತು ಒಣಗಿತ್ತು. ಮಾಮಿ ಬಸ್ಸಿನಲ್ಲಿ ಇಚಲಕರಂಜಿ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳು ಮೆಲ್ಲಗೆ ಅಂದದ್ದು ನನಗೆ ಮಾತ್ರ ಕೇಳಿಸಿತು. “ನನಗ ನೀರಂದ್ರ ಅಂಜಿಕಿ ಐತವ್ವ. ಇವ್ರಿಗೆ ಅದನ್ನ ಹ್ಯಾಂಗ ಸಿದ್ಧ ಮಾಡಿ ತೋರ್ಸ್ಲಿ?” ನನಗೆ ಮೊದಲ ಬಾರಿಗೆ ಮಾಮಾನ ಮೇಲೆ ಸಿಟ್ಟು ಬಂತು.

ಹೋದ ವರ್ಷ ನಾಗರ ಪಂಚಮಿಗೆ ಮಾಮಾ ತಾನೇ ಬಂದು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ನಾವು ಹಬ್ಬದ ಉಂಡಿ ಕಟ್ಟುತ್ತಿದ್ದರೆ ಹೊರಗೆ ಮಳೆ ನಿಲ್ಲಲೊಲ್ಲದು. ಪಂಚಮಿಯ ಮರುದಿನ ಊರಿಗೆ ಊರೇ ಛತ್ರಿ ಹಿಡಿದುಕೊಂಡು ಹೊಳೆ ನೋಡಲು ಹೋಯಿತು. ನಮ್ಮ ಕಡೆ ಇದೂ ಒಂದು ಜಾತ್ರೆಯೇ. ಹೋದವರು ಮರಳಿ ಮನೆಗೆ ಬರುವಷ್ಟರಲ್ಲಿ ಹೊಳೆಯೂ ಹಿಂದಿನಿಂದ ಬಂತು! ಮಾರನೆಯ ಬೆಳಿಗ್ಗೆ ರಿಕ್ಷಾಕ್ಕೆ ಭೋಂಗಾ, ಅಂದರೆ ಧ್ವನಿವರ್ಧಕ, ಕಟ್ಟಿಕೊಂಡು ಬಂದವರು ಮನೆ ಬಿಡಿ, ಮನೆ ಬಿಡಿ ಎಂದು ಕೂಗಿದರು. ಮಾಮಾ ಮೆಟ್ಟಿಲ ಮೇಲೆ ಕೂತು ಉಂಡಿ ತಿನ್ನುತ್ತಾ, “ಇನ್ನ ಭಡಂಗದ ಗೆರಿಗೇ ಬಂದಿಲ್ಲ, ಏನ ಗಡಿಬಿಡಿ?” ಅಂದ. ಮಧ್ಯಾಹ್ನ ಅಣ್ಣಾ ತಮ್ಮ ಟ್ರ್ಯಾಕ್ಟರನ್ನೇ ಓಣಿಗೆ ತಂದು ನಿಲ್ಲಿಸಿ ಗದರಿಸಿದರು. “ವಾದ ಆಮ್ಯಾಲ ಮಾಡೂಣು, ಮೊದಲ ಟ್ರಾಲಿ ಹತ್ರಿ!” ಮಾಮಾ ಗೊಣಗುತ್ತಾ ಸಿಲಿಂಡರ್ ಹೊತ್ತು ಹತ್ತಿದ. ನಾನೂ ಮಾಮಿಯೂ ಹತ್ತಿದೆವು.

ಟ್ರ್ಯಾಕ್ಟರ್ ಇನ್ನೇನು ಹೊರಡಬೇಕು, ಮಾಮಿ ಒಮ್ಮೆಲೇ, “ಒಂದ ಮರತ ಬಂದೇನಿ” ಎಂದು ಇಳಿದೇ ಬಿಟ್ಟಳು! ನೀರೆಂದರೆ ಹೆದರುವ ಮಾಮಿ! ನಾವು ಕೂಗುತ್ತಿದ್ದಂತೆ ನೀರು ಸೀಳಿಕೊಂಡು ಮನೆಯೊಳಗೆ ಹೋಗಿ ಮರೆಯಾದಳು. ಮಾಮಾ ಸಿಲಿಂಡರ್ ಬಿಟ್ಟು ಹಾರಿದ. “ಏ, ಬಾ ಹೊರಗ! ಏನ ಬಂಗಾರ ಇಟ್ಟೀ ಅಲ್ಲೆ!” ಅವನ ದನಿ ಅಷ್ಟು ಒಡೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವನು ಬಾಗಿಲು ಮುಟ್ಟುವಷ್ಟರಲ್ಲಿ ಮಾಮಿ ತಲೆಯ ಮೇಲೆ ಒಂದು ಸಣ್ಣ ಗಂಟು ಹಿಡಿದುಕೊಂಡು ಬಂದಳು. ನೀರು ಅವಳ ಎದೆಯ ಮಟ್ಟಕ್ಕಿತ್ತು. ಮಾಮಾ ಅವಳ ರಟ್ಟೆ ಹಿಡಿದದ್ದನ್ನು ಟ್ರಾಲಿ ಹತ್ತಿದ ಮೇಲೂ ಬಿಡಲಿಲ್ಲ. ದಾರಿಯುದ್ದಕ್ಕೂ ಬಯ್ದ.

ಎತ್ತರದ ಶಾಲೆಯೊಂದರಲ್ಲಿ ಎಲ್ಲರಿಗೂ ಜಾಗ ಮಾಡಿದ್ದರು. ಬೆಂಚಿನ ಮೇಲೆ ಮಾಮಿ ಗಡಗಡ ನಡುಗುತ್ತಾ ಕೂತಿದ್ದಳು. “ತಗಿ, ಏನೈತಿ ಅದರಾಗ ನೋಡೂಣು,” ಅಂದ ಮಾಮಾ. ಬಿಚ್ಚಿ ನೋಡುವ ರೋಗದವನು ತಾನೇ ಗಂಟು ಬಿಚ್ಚಿದ.

ಒಳಗಿದ್ದದ್ದು ಕೆಂಪು ಬಣ್ಣದ ಡಬ್ಬಿ, ಒಂದು ಬ್ರಶ್ಶು.

“ನೀರ ಇಳಿದ ಮ್ಯಾಲ ಗೆರಿ ಎಳೀಬೇಕಲ್ರಿ,” ಅಂದಳು ಮಾಮಿ, ತಪ್ಪು ಮಾಡಿದವಳ ಹಾಗೆ. “ಎಳಿಯೂ ತನಕಾ ನೀವು ನೆಟ್ಟಗ ಉಣ್ಣಂಗಿಲ್ಲ.”

ಮಾಮಾ ಡಬ್ಬಿಯನ್ನು ಬೆಂಚಿನ ಮೇಲಿಟ್ಟ. ಅವನು ಮಾಮಿಯ ಸೀರೆಯನ್ನೇ ನೋಡುತ್ತಿದ್ದ. ಎದೆಯ ಮಟ್ಟದಲ್ಲಿ ಒಂದು ಕೆಸರಿನ ಗೆರೆ ಮೂಡಿತ್ತು. ಅದರ ಕೆಳಗೆಲ್ಲ ರಾಡಿ, ಮೇಲೆ ಸೀರೆಯ ಹಸಿರು. ಆಮೇಲೆ ಅಂದ.

“ಆಗಿತ್ತ ಬಿಡು.”

“ಏನ್ರಿ?”

“ಪ್ರಳಯ. ಖರೇ ಆಗಿತ್ತ. ನಡಿ, ಗೋಕುಳ ಶಿರಗಾಂವಕ್ಕ ಹೋಗೂಣು.”

ಮಾಮಿಯೂ ಕಡಿಮೆಯವಳಲ್ಲ. ನಡುಗುವ ಗದ್ದದಲ್ಲೇ ಕೇಳಿದಳು. “ಸಾಕ್ಷಿ?”

ಮಾಮಾ ಅವಳ ಸೀರೆಯ ಗೆರೆಯನ್ನು ತೋರಿಸಿದ. “ಇಲ್ಲೆ ಐತಿ. ಇದಕಿಂತ ಒಂದ ಗೇಣ ಮ್ಯಾಲ ಬಂದಿದ್ರ, ನನ್ನ ಪಾಲಿಗೆ ಜಗತ್ತೆಲ್ಲಾ ಮುಣಗಿತ್ತ.” ಅಷ್ಟು ಹೇಳಿ, ಚಹಾ ತರುತ್ತೇನೆ ಎಂದು ಆ ಕಡೆ ಮುಖ ಮಾಡಿ ಹೋದ. ನನ್ನ ಕಣ್ಣು ಅಲ್ಲೇ ತುಂಬಿ ಬಂತು.

ನೀರು ಇಳಿದ ಮೇಲೆ ಸಾಮಾನು ಸಾಗಿಸಲು ಹೋದಾಗ ಮಾಮಾ ಕೊನೆಯ ಸಲ ಗೋಡೆಯ ಮುಂದೆ ನಿಂತ. ಮಾಮಿ ಡಬ್ಬಿ ಹಿಡಿದಳು, ಅವನು ಬ್ರಶ್ಶು ಅದ್ದಿ ಗೆರೆ ಎಳೆದ. ಎಮ್ಮೆ, ಬೀಗರು, ಭಡಂಗ ಮೂರಕ್ಕಿಂತ ಕೆಳಗೆ, ಮಾಮಿಯ ಎದೆಯೆತ್ತರಕ್ಕೆ. ಪಕ್ಕದಲ್ಲಿ ಹೆಸರು ಬರೆದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಣ್ಣಾ ನಗಲು ಶುರುಮಾಡಿದರು.

“ಅಲ್ರಿ, ಎಲ್ಲಾದಕ್ಕಿಂತ ಸಣ್ಣ ಪೂರ ಇದು. ಇದಕ್ಯಾಕ ‘ಪ್ರಳಯ’ ಅಂತ ಬರದೀರಿ?”

“ನಿಮಗ ತಿಳಿಯಂಗಿಲ್ಲ ಬಿಡ್ರಿ ಅಣ್ಣಾ,” ಅಂದ ಮಾಮಾ. ಜೀವನದಲ್ಲಿ ಮೊದಲ ಸಲ, ವಾದ ಮಾಡದೆ ಗಂಟು ಹೊತ್ತುಕೊಂಡು ಮಾಮಿಯ ಹಿಂದೆ ಹೊರಟ.