ರುಚಿ ನೋಡದೆ ಮಾಡಿದ ಸಾಸಿವೆ ಚಿತ್ರಾನ್ನ

ಕೆಲವು ಪದಾರ್ಥಗಳು ಮನೆಯವರನ್ನು ನಗಿಸಲೆಂದೇ ಡಬ್ಬಿಯಲ್ಲಿ ಕೂತಿರುತ್ತವೇನೋ. ನಮ್ಮ ಮನೆಯಲ್ಲಿ ಆ ಪದಾರ್ಥ ಸಾಸಿವೆ.

ಸೇವೆ

ಯಡಿಯೂರು ಕೆರೆಯ ಹತ್ತಿರ ನಮ್ಮ ಬೀದಿಯ ಭಜನಾ ಮಂದಿರವಿದೆ. ಅಲ್ಲಿ ರಾಮನವಮಿಯ ನೈವೇದ್ಯಕ್ಕೆ ಸಾಸಿವೆ ಚಿತ್ರಾನ್ನ ನಮ್ಮ ಮನೆಯ ಸೇವೆ. ಸೊಸೆಯಾಗಿ ಬಂದಾಗಿನಿಂದ ನನ್ನ ಹೆಂಡತಿಯೇ ಮಾಡಿಕೊಂಡು ಬಂದಿದ್ದಾಳೆ. ಈ ಸಲ ಹಬ್ಬ ಹತ್ತಿರವಿರುವಾಗ ಬಚ್ಚಲಲ್ಲಿ ಜಾರಿ ಅವಳ ಬಲಗೈಗೆ ಪ್ಲಾಸ್ಟರ್ ಬಿತ್ತು.

ಭಜನಾ ಮಂಡಳಿಯ ಹಿರಿಯರೊಬ್ಬರು ನೋಡಲು ಬಂದು, “ಈ ಸಲ ಕೇಟರಿಂಗ್‌ನವರಿಗೆ ಹೇಳಿಬಿಡೋಣ, ತಾಯಿ” ಅಂದರು.

ಅವಳ ಮುಖ ಸಣ್ಣದಾಯಿತು. ಒಂದು ಸಲ ಕೈಬಿಟ್ಟ ಸೇವೆ ಮತ್ತೆ ಮನೆಗೆ ಬರುವುದು ಕಷ್ಟ. “ಬೇಡಿ. ಇವರು ಮಾಡ್ತಾರೆ” ಅಂದಳು.

ಇವರು ಯಾರು ಅಂತ ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಕಿವಿ

ನೈವೇದ್ಯದ ಅಡುಗೆಯನ್ನು ದೇವರಿಗಿಂತ ಮುಂಚೆ ನಾವು ರುಚಿ ನೋಡುವ ಹಾಗಿಲ್ಲ. ಮೂಗಿಗೆ ಹಿಡಿದು ವಾಸನೆಯನ್ನೂ ನೋಡುವ ಹಾಗಿಲ್ಲ.

“ಮತ್ತೆ ಸರಿಯಾಗಿದೆ ಅಂತ ಗೊತ್ತಾಗೋದು ಹೇಗೆ?”

“ಒಗ್ಗರಣೆ ಆದ್ರೆ ಕಿವಿಯಲ್ಲಿ” ಅಂದಳು.

ಅಭ್ಯಾಸಕ್ಕೆಂದು ಬಾಣಲೆ ಇಟ್ಟು, ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದೆ. ಸದ್ದಿಲ್ಲ. ನಡುಮನೆಯಿಂದ ಅವಳ ದನಿ ಬಂತು: “ಏನ್ರೀ, ಸಾಸಿವೆ ಧ್ಯಾನಕ್ಕೆ ಕೂತಿದೆಯಾ?”

ಉರಿ ಜಾಸ್ತಿ ಮಾಡಿ ಬಗ್ಗಿ ನೋಡಿದೆ. ಒಂದು ಕಾಳು ಸಿಡಿದು ನೇರ ಹಣೆಗೆ ಬಂತು. “ಅಯ್ಯೋ ರಾಮಾ” ಅಂದೆ.

“ಹಾಂ, ಈಗ ಸಿಡೀತು. ಇಳಿಸಿ” ಅಂದಳು.

ಹಳದಿ

ಜಯನಗರದ ಅಂಗಡಿಯಲ್ಲಿ ಸಾಸಿವೆ ಕೇಳಿದರೆ ಅಂಗಡಿಯಾತ, “ಸಣ್ಣದಾ, ದೊಡ್ಡದಾ, ಹಳದೀದಾ, ಅಂಕಲ್?” ಅಂದ. ತೀರಾ ಚಿಕ್ಕದಕ್ಕೆ ಸಾಸಿವೆ ಕಾಳಷ್ಟು ಎನ್ನಬೇಕೆಂದು ನಮ್ಮೂರ ಶಾಲೆಯಲ್ಲಿ ಕಲಿಸಿದ್ದರು. ಅದರಲ್ಲೂ ದೊಡ್ಡದಿದೆ ಅಂತ ಮೇಷ್ಟ್ರು ಹೇಳಿರಲಿಲ್ಲ. ದೇವರ ಕಾರ್ಯ, ಹಳದಿ ಶುಭವೆಂದು ಅದನ್ನೇ ತಂದೆ.

ಮನೆಮಟ್ಟಿಗೆ ಒಂದು ಸಲ ಮಾಡಿ ನೋಡಿದೆವು. ಕಾಯಿತುರಿ, ಒಣಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ಒಂದು ಚಮಚ ಹಸಿ ಸಾಸಿವೆ ಹಾಕಿ ರುಬ್ಬಿದೆ. ಸಪ್ಪೆ. ಮೂರು ಚಮಚ ಹಾಕಿದೆ. ಅವಳು ಬಾಯಿಗಿಟ್ಟು ನೋಡಿದಳು. “ಕಹಿ ಬಂದಿದೆ, ಘಾಟು ಬಂದಿಲ್ಲ. ಬಹಳ ಶಾಂತ ಸ್ವಭಾವದ ಸಾಸಿವೆ ತಂದಿದ್ದೀರಿ.”

ಮಹಡಿ ಮನೆ

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಬಂಗಾಳದ ಹೆಣ್ಣುಮಗಳು ಸಂಜೆ ಬಂದಾಗ ಕಹಿಯ ಸಂಗತಿ ಹೇಳಿದೆ. “ಅಂಕಲ್, ನೆನೆಸಿ, ಉಪ್ಪು ಹಾಕಿ ರುಬ್ಬಿ, ಕಹಿ ಬರಲ್ಲ. ಘಾಟು ಬೇಕಾದ್ರೆ ಸಣ್ಣ ಕಪ್ಪು ಸಾಸಿವೆ. ನನ್ನ ಮಿಕ್ಸಿ ಜಾರ್ ಕೊಡ್ಲಾ? ಮೀನಿಗೆ ದಿನಾ ಅದರಲ್ಲೇ ರುಬ್ಬೋದು.”

ನಾನು ಹೆಂಡತಿಯ ಮುಖ ನೋಡಿದೆ. ಅವಳು ನಗುತ್ತಾ, “ಜಾರ್ ಬೇಡಮ್ಮ. ನಿನ್ನ ಮಾತಷ್ಟೇ ತೊಳೆದು ತಗೋತೀವಿ” ಅಂದಳು.

ಆ ಹುಡುಗಿಯೂ ನಕ್ಕಳು. ಪ್ರಸಾದಕ್ಕೆ ಬರುತ್ತೇನೆ ಅಂದಳು.

ಪರದೆ

ಹಬ್ಬದ ದಿನ ಹೆಂಡತಿ ಮೊದಲೇ ಭಜನಾ ಮಂದಿರಕ್ಕೆ ಹೋಗಿದ್ದಳು. ನಾನು ಸ್ನಾನ ಮಾಡಿ, ಮಡಿಯುಟ್ಟು, ನೆನೆಸಿಟ್ಟ ಸಣ್ಣ ಕಪ್ಪು ಸಾಸಿವೆಯನ್ನು ಉಪ್ಪು ಹಾಕಿ ರುಬ್ಬಿದೆ. ಸಾಸಿವೆ ಬದಲಾಯಿಸಿದ್ದೆ, ಅಳತೆ ಬದಲಾಯಿಸಲಿಲ್ಲ. ಹಳದಿಯದಕ್ಕೆ ಹಾಕಿದ ಮೂರು ಚಮಚದ ಲೆಕ್ಕವನ್ನೇ ಅಕ್ಕಿ ಹೆಚ್ಚಿದಷ್ಟೂ ಹೆಚ್ಚಿಸಿಕೊಂಡು ಹೋದೆ. ರುಚಿ ನೋಡುವ ಹಾಗಿಲ್ಲವಲ್ಲ.

ಮಂದಿರದಲ್ಲಿ ಪರದೆ ಎಳೆದು ನೈವೇದ್ಯವಾಯಿತು, ಪರದೆ ಸರಿಸಿ ಮಂಗಳಾರತಿಯಾಯಿತು. ಪ್ರಸಾದದ ಮೊದಲ ದೊನ್ನೆ ಹಿರಿಯರಿಗೆ ಕೊಟ್ಟೆ.

ಒಂದು ತುತ್ತು ತಿಂದು ಅವರು ಕಣ್ಣು ಮುಚ್ಚಿದರು. ನೀರಿಳಿಯಿತು. ಪಕ್ಕದವರು ಮೂಗು ಒರೆಸಿಕೊಂಡರು. ಸಾಲು ಪೂರ್ತಿ ಶಲ್ಯ, ಸೆರಗು ಮುಖಕ್ಕೆ ಹೋದವು. ಸೇವೆ ಕೈಬಿಟ್ಟು ಹೋಯಿತು ಅಂದುಕೊಂಡು ಕಂಬಕ್ಕೆ ಒರಗಿ ನಿಂತೆ. ಮಹಡಿ ಮನೆಯ ಹುಡುಗಿಯೊಬ್ಬಳೇ ಆರಾಮಾಗಿ ದೊನ್ನೆ ಖಾಲಿ ಮಾಡಿ, “ಇನ್ನೂ ಇದೆಯಾ, ಅಂಕಲ್?” ಅಂದಳು.

ಹಿರಿಯರು ಸುಧಾರಿಸಿಕೊಂಡು ನಿಧಾನವಾಗಿ ಹೇಳಿದರು: “ತಿಂಗಳಿಂದ ಕಟ್ಟಿದ್ದ ಮೂಗು ಬಿಡ್ತು, ಸ್ವಾಮಿ. ಸೇವೆ ನಿಮ್ಮನೇದೇ ಇರಲಿ. ಬರೋ ವರ್ಷ ತಾಯಿಯವರ ಕೈ ನೆಟ್ಟಗಾಗಿರುತ್ತೆ, ಅಲ್ವಾ?”

ಹೆಂಡತಿ ಎಡಗೈಯಲ್ಲಿ ಕಣ್ಣೊರೆಸಿಕೊಂಡು ದೇವರ ಕಡೆ ನೋಡಿ ಅಂದಳು:

“ಸದ್ಯ, ನೈವೇದ್ಯದ ಹೊತ್ತಿಗೆ ಪರದೆ ಎಳೆದಿದ್ರು.”