ದೊಡ್ಡಮ್ಮನ ಸರದಿ ಕೀರ್ತನೆ

ನಮ್ಮ ದೊಡ್ಡಮ್ಮ ಎಂಥ ಭಕ್ತೆ ಅಂದರೆ, ಅವಳನ್ನು ಗೃಹಪ್ರವೇಶಕ್ಕೆ ಕರೆಯೋ ಮೊದಲು ಕ್ಯಾಲೆಂಡರ್ ನೋಡಬೇಕು. ರಾಹುಕಾಲಕ್ಕಲ್ಲ, ಕೀರ್ತನೆಗೆ! ಬೈಬಲ್ಲಿನಲ್ಲಿ ಕೀರ್ತನೆಗಳು ನೂರೈವತ್ತು. ಕೆಲವು ದೇವರನ್ನು ಹೊಗಳೋವು, ಕೆಲವು ಅಳೋವು, ಇನ್ನು ಕೆಲವು ಶತ್ರುವಿಗೆ ಹಿಡಿಶಾಪ ಹಾಕೋವು. ದಿನಕ್ಕೊಂದು, ಸರದಿ ತಪ್ಪದೆ, ಗಟ್ಟಿಯಾಗಿ ಓದಬೇಕು ಅನ್ನೋದು ಅವಳ ನೇಮ.

"ಸಂದರ್ಭ ನೋಡಿ ಆರಿಸ್ಕೋಬಾರದಾ?" ಅಂದರೆ, "ಆರಿಸ್ಕೊಂಡ್ರೆ ನಂಗೆ ಬೇಕಾದ್ದನ್ನೇ ದೇವರ ಬಾಯಲ್ಲಿ ಹೇಳಿಸಿದಂಗಾಗುತ್ತೆ ಕಣೇ" ಅಂತಾಳೆ. ಮೂವತ್ತು ವರ್ಷ ಟೀಚರಾಗಿದ್ದವಳ ಜೊತೆ ವಾದ ಮಾಡೋರು ಯಾರು?

ತರೀಕೆರೆಯ ಅವರ ಮನೆಯಲ್ಲಿ ಬೆಳಿಗ್ಗೆ ಕಾಫಿ ಲೋಟ ಹಿಡಿದ ದೊಡ್ಡಪ್ಪನ ಮೊದಲ ಮಾತು ಒಂದೇ: "ಏನೇ, ಇವತ್ತು ಎಷ್ಟನೇದು? ಬೈಯೋದಾ, ಅಳೋದಾ?" ಬೈಯೋದು ಅಂದರೆ ಲೋಟದ ಸಮೇತ ಹಿತ್ತಲಿಗೆ ಹೋಗಿಬಿಡ್ತಿದ್ದರು.

ಅಜ್ಜಂಪುರದ ಈರುಳ್ಳಿ ಸಾಹುಕಾರರೊಬ್ಬರು ಅವಳ ಹಳೇ ಶಿಷ್ಯ. ಹೊಸ ಮನೆ ಪ್ರವೇಶಕ್ಕೆ ಮಠದ ಸ್ವಾಮಿಗಳು ಹರಸಿ ಹೋದ ಮೇಲೆ, "ಟೀಚರ್, ನಿಮ್ಮದೂ ಒಂದು ಪ್ರಾರ್ಥನೆ ಆಗ್ಲಿ" ಅಂದರು. ಅವತ್ತಿನ ಸರದಿ ನೂರ ಒಂಬತ್ತು. ದ್ರೋಹಿಯ ಬಾಳು ಹಾಳಾಗಲಿ ಅಂತ ಸಾಲುಸಾಲು ಶಾಪ! ಹೋಳಿಗೆ ಕೈಯಲ್ಲಿದ್ದವರು ಹಾಗೇ ಕೂತುಬಿಟ್ಟರು.

"ಯಾರಿಗೆ ಟೀಚರ್ ಇದು?"

"ನಿಂಗಲ್ಲ ಕಣಪ್ಪಾ. ಇವತ್ತಿನ ಸರದಿ."

ಸಾಹುಕಾರರು ಆಗಲೇ ಸೋರುತ್ತಿದ್ದ ತಾರಸಿಯ ಕಡೆ ನೋಡಿ, "ಬಿಡಿ, ನಮ್ಮ ಕಂಟ್ರಾಕ್ಟರಿಗೆ ಸರಿಹೋಯ್ತು" ಅಂದರು. ಊಟಕ್ಕೆ ಕೂತಿದ್ದ ಕಂಟ್ರಾಕ್ಟರು ಪಾಯಸಕ್ಕೆ ಕಾಯಲಿಲ್ಲ.

ನನ್ನನ್ನು ನೋಡಲು ಕಡೂರಿನ ನಮ್ಮ ಮನೆಗೆ ಗಂಡಿನ ಕಡೆಯವರು ಬಂದ ದಿನವೂ ಹೀಗೇ ಆಯ್ತು. ಬಸ್ಸಿನಲ್ಲಿ ದೊಡ್ಡಮ್ಮನಿಗೆ ಸೀಟು ಸಿಕ್ಕಿ ಓದಲು ಕೂತಿದ್ದೇ ಕಡೂರಿಗೆ ಮುಂಚಿನ ಬೀರೂರಿನಲ್ಲಿ. ಸರದಿ ನೂರ ಹತ್ತೊಂಬತ್ತು, ಎಲ್ಲಕ್ಕಿಂತ ಉದ್ದದ್ದು, ವಚನಗಳೇ ನೂರೆಪ್ಪತ್ತಾರು. ಕಂಡಕ್ಟರು "ಅಮ್ಮಾ, ಕಡೂರು ಬಂತು" ಅಂದರೆ, "ಅರ್ಧಕ್ಕೆ ಬಿಡೋಕಾಗುತ್ತೇನಪ್ಪಾ?" ಮುಗಿಯೋ ಹೊತ್ತಿಗೆ ಕಡೂರು ದಾಟಿ ಬಾಣಾವರ ಹತ್ತಿರವಾಗಿತ್ತು. ವಾಪಸ್ ಬರುವಷ್ಟರಲ್ಲಿ ಗಂಡು ಒಪ್ಪಿ ಹೋಗಿದ್ದ. ದೊಡ್ಡಮ್ಮನ ಪ್ರಶ್ನೆಪತ್ರಿಕೆಯಿಂದ ತಪ್ಪಿಸಿಕೊಂಡಿದ್ದು ಆ ಕೀರ್ತನೆಯ ಪುಣ್ಯ ಅಂತ ನಮ್ಮ ಯಜಮಾನರು ಈಗಲೂ ಹೇಳ್ತಾರೆ.

ಹೋದ ವರ್ಷ ದೊಡ್ಡಪ್ಪನಿಗೆ ಶಿವಮೊಗ್ಗದಲ್ಲಿ ಹಾರ್ಟ್ ಆಪರೇಷನ್ ಆಯ್ತು. ಡಾಕ್ಟರು "ಧೈರ್ಯವಾಗಿರಿ" ಅಂದರು ನೋಡಿ, ನಮಗಿದ್ದ ಧೈರ್ಯವೂ ಹೋಯ್ತು. ಸರದಿ ಎಂಬತ್ತೆಂಟು. ನೂರೈವತ್ತರಲ್ಲಿ ಅಷ್ಟು ಕತ್ತಲಿನದು ಇನ್ನೊಂದಿಲ್ಲ. ಪ್ರಿಯರನ್ನೇ ದೂರ ಮಾಡಿದೆಯಲ್ಲಾ ಅಂತ ಕೊನೇ ವಚನದಲ್ಲಿ ದೇವರೆದುರು ಗೋಳು.

"ಇವತ್ತೊಂದಿನ ಇಪ್ಪತ್ಮೂರನೇದು ಓದು ದೊಡ್ಡಮ್ಮ, ಸಮಾಧಾನ ಆಗುತ್ತೆ" ಅಂತ ಕೈ ಹಿಡಿದು ಬೇಡಿಕೊಂಡೆ.

"ಇವತ್ತಿಂದು ಇವತ್ತಿಂದೇ" ಅಂದಳು. ಕಾರಿಡಾರಿನಲ್ಲಿ ಕೂತು ಓದಿದಳು. ನಡುವೆ ಒಮ್ಮೆ ನಿಲ್ಲಿಸಿ, "ಬರೆದವನೂ ನನ್ನಂಗೇ ಹೆದರಿದ್ದ ಕಣೇ" ಅಂದಳು. ಇನ್ನಷ್ಟು ಓದಿ ಪುಸ್ತಕ ಮುಚ್ಚಿದಳು. ಮುಗಿಯಿತು ಅಂದುಕೊಂಡೆ ನಾನು.

ಮಾರನೇ ದಿನ ಬೆಳಿಗ್ಗೆ ನಮ್ಮನ್ನು ಒಳಗೆ ಬಿಟ್ಟರು. ದೊಡ್ಡಪ್ಪ ಕಣ್ಣು ಬಿಟ್ಟು, ಒಣಗಿದ ತುಟಿಯಲ್ಲೇ, "ಏನೇ, ಇವತ್ತು ಎಷ್ಟನೇದು?" ಅಂದರು.

ಎಂಬತ್ತೊಂಬತ್ತು ಅಂತ ನಾನೇ ಹೇಳುವವಳಿದ್ದೆ.

"ಎಂಬತ್ತೆಂಟೇ ಕಣ್ರೀ" ಅಂದಳು ದೊಡ್ಡಮ್ಮ. "ನಿನ್ನೆ ಕೊನೇ ವಚನ ಓದೋಕೆ ನನ್ನ ಕೈಲಾಗ್ಲಿಲ್ಲ."

"ಅಳೋದಾ?"

"ಹೂಂ" ಅಂದವಳು ಅವರ ಕೈ ಹಿಡಕೊಂಡು ಅತ್ತೇಬಿಟ್ಟಳು.