ಕಾರಿಲ್ಲದ ದಾರಿಯಲ್ಲಿ ನಾಲ್ಕು ಸೈಕಲ್ಲು

ಸೈಕಲ್ ತುಳಿಯುವುದು ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮರ್ಯಾದೆಗೂ ಒಳ್ಳೆಯದು ಅಂತ ಇದುವರೆಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಯಾಕೆ ಹೇಳುವುದಿಲ್ಲ ಅನ್ನುವುದು ನಾವು ನಾಲ್ವರು ಸೈಕಲ್ ಹತ್ತಿದಾಗಲೆಲ್ಲ ಮತ್ತೆ ಮತ್ತೆ ಗೊತ್ತಾಗುತ್ತಲೇ ಇರುತ್ತದೆ.

ನಾಲ್ವರು ಅಂದರೆ ನಾನು, ಹುಬ್ಬಳ್ಳಿ ಕಡೆಯ ನಮ್ಮನೆಯವರು, ಹೂಫ್‌ಡಾರ್ಪ್‌ನಲ್ಲಿರುವ ಅವರ ಉಡುಪಿಯ ಸ್ನೇಹಿತರು, ಮತ್ತು ಆಮ್ಸ್ಟೆಲ್‌ವೀನ್‌ನಲ್ಲಿ ನಮ್ಮ ಪಕ್ಕದ ಮನೆಯ ಡಚ್ ಮೇಡಂ. ಮೇಡಂ ಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ವಯಸ್ಸು ಎಪ್ಪತ್ತರ ಹತ್ತಿರ. ಪ್ರತಿ ವಸಂತಕ್ಕೆ ಸ್ಪೇನಿನ ದಕ್ಷಿಣದ ಬೆಂಗಾಡಿಗೆ ಹೋಗಿ ಜಲ್ಲಿ ದಾರಿಯಲ್ಲಿ ಸೈಕಲ್ ತುಳಿದು ಬರುತ್ತಾರೆ. ಒಂದು ದಿನ ಕಾಫಿಗೆ ಬಂದವರು, "ಈ ಸಲ ನೀವೂ ಬನ್ನಿ. ಅಲ್ಲಿ ಇಡೀ ದಿನ ಹೋದರೂ ಒಂದು ಕಾರು ಕಾಣುವುದಿಲ್ಲ. ಬರೀ ಕೊರಕಲು, ಕೆಂಪು ಗುಡ್ಡ, ಆಕಾಶ" ಅಂದರು.

"ನೆರಳು?" ಅಂತ ಕೇಳಿದೆ.

"ನಿಮ್ಮದು ಇರುತ್ತದಲ್ಲ" ಅಂದರು.

ಸ್ಟ್ಯಾಂಡ್

ಜಲ್ಲಿ ದಾರಿಗೆ ಬೇರೆಯೇ ಸೈಕಲ್ ಬೇಕಂತೆ. ದಪ್ಪ ಟೈರು, ಹಗುರ ಮೈ. ನಮ್ಮಲ್ಲಿ ಅದಿಲ್ಲದ ಉಡುಪಿಯವರಿಗೆ ಒಂದು ಕೊಡಿಸೋಣ ಅಂತ ಎಲ್ಲರೂ ಅಂಗಡಿಗೆ ಹೋದೆವು. ಅಂಗಡಿಯವನು ಒಂದು ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ.

ಉಡುಪಿಯವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕೆ ಸ್ಟ್ಯಾಂಡ್ ಇಲ್ಲವಲ್ಲ" ಅಂದರು.

"ತೂಕ ಜಾಸ್ತಿಯಾಗುತ್ತದೆ. ಗೋಡೆಗೆ ಒರಗಿಸಿದರೆ ಆಯಿತು."

"ಮರುಭೂಮಿಯಲ್ಲಿ ಗೋಡೆ ಎಲ್ಲಿಂದ ತರಲಿ?"

ಅಂಗಡಿಯವನು ಒಪ್ಪಿಕೊಂಡು ಸ್ಟ್ಯಾಂಡ್ ತಂದ. ಆಮೇಲೆ ಮಡ್‌ಗಾರ್ಡ್ ಕೇಳಿದರು. ಮರಳುಗಾಡಿನಲ್ಲಿ ಕೆಸರಿರುವುದಿಲ್ಲ ಅಂತ ಅವನು ಹೇಳಿದ್ದಕ್ಕೆ, "ಉಡುಪಿಯವನಿಗೆ ಮಳೆಯ ವಿಷಯ ಹೇಳಬೇಡ ಮಾರಾಯ" ಅಂತ ಕನ್ನಡದಲ್ಲೇ ಅಂದರು. ಆಮೇಲೆ ಚೈನ್ ಕವರ್. ಆಮೇಲೆ ಹಿಂದೆ ಕ್ಯಾರಿಯರ್. ಮುಂದೆ ತರಕಾರಿ ಇಡಲು ಒಂದು ಬುಟ್ಟಿ. ಸೀಟು ಸ್ವಲ್ಪ ಅಗಲದ್ದು, ಸ್ಪ್ರಿಂಗ್ ಇರುವಂಥದ್ದು.

ಅಂಗಡಿಯವನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು ಇವರನ್ನು ಗಾಜಿನ ಬಾಗಿಲ ಹತ್ತಿರ ಕರೆದುಕೊಂಡು ಹೋದ. ಹೊರಗೆ ಉಡುಪಿಯವರು ತುಳಿದುಕೊಂಡು ಬಂದ ಹಳೇ ಸೈಕಲ್ ನಿಂತಿತ್ತು. "ನೀವು ಹೇಳಿದ್ದೆಲ್ಲ ಇರುವ ಸೈಕಲ್ ಅಲ್ಲಿದೆ ನೋಡಿ. ಬೀಗ ಹಾಕಿಲ್ಲ. ಬೇರೆ ಯಾರಾದರೂ ತಗೊಂಡು ಹೋಗುವ ಮೊದಲು ಓಡಿ."

ಗುಡ್ಡ

ಕೊನೆಗೆ ಒಂದು ಹಗುರ ಸೈಕಲ್ ಕೊಂಡದ್ದಾಯಿತು. ಇನ್ನು ಅಭ್ಯಾಸ. ಸ್ಪೇನಿನಲ್ಲಿ ಏರು ತುಂಬ ಇದೆ, ಏರು ತುಳಿದು ರೂಢಿ ಮಾಡಿಕೊಳ್ಳಿ ಅಂತ ಮೇಡಂ ಹೇಳಿದ್ದರು. ತಟ್ಟೆಯಷ್ಟು ಸಪಾಟಾದ ಈ ಡಚ್ ದೇಶದಲ್ಲಿ ಏರು ಹುಡುಕುವುದು ಅಂದರೆ ಇಡ್ಲಿಯಲ್ಲಿ ಮೂಳೆ ಹುಡುಕಿದ ಹಾಗೆ. ಆದರೂ ನಮ್ಮನೆಯವರ ಆಫೀಸಿನಲ್ಲಿ ಯಾರೋ, ಜೂಟರ್‌ಮೀರ್ ಹತ್ತಿರ ಒಂದು ಗುಡ್ಡ ಇದೆ ಅಂದರಂತೆ.

ಶನಿವಾರ ಬೆಳಿಗ್ಗೆ ನಾವಿಬ್ಬರೇ ಹೊರಟೆವು. ಜೂಟರ್‌ಮೀರ್ ತಲುಪಿ ಪಾರ್ಕಿನ ಒಳಗೆಲ್ಲ ಸುತ್ತಿದೆವು. ಎದುರುಗಾಳಿ ಸಿಕ್ಕಿತು, ಬಾತುಕೋಳಿ ಸಿಕ್ಕಿದವು, ಗುಡ್ಡ ಮಾತ್ರ ಸಿಗಲಿಲ್ಲ. ನಾಯಿ ಜೊತೆ ವಾಕಿಂಗ್ ಬಂದಿದ್ದ ಒಬ್ಬ ಮುದುಕ ನಮ್ಮನ್ನೇ ನೋಡುತ್ತಿದ್ದ. ನಾವು ಮತ್ತೊಂದು ಸುತ್ತು ಬಂದಾಗ ತಡೆದು, "ಏನಾದರೂ ಕಳೆದುಕೊಂಡಿರಾ?" ಅಂತ ಕೇಳಿದ.

"ಇಲ್ಲ, ಇಲ್ಲೆಲ್ಲೋ ಒಂದು ಗುಡ್ಡ ಇದೆಯಂತೆ, ಹುಡುಕುತ್ತಿದ್ದೇವೆ" ಅಂದರು ನಮ್ಮನೆಯವರು.

ಮುದುಕ ಸ್ವಲ್ಪ ಬೇಸರದಿಂದಲೇ, "ನೀವು ಅದರ ಮೇಲೇ ನಿಂತಿದ್ದೀರಿ" ಅಂದ.

ಅಲ್ಲಿಯವರೆಗೆ ಆರಾಮಾಗಿ ಶಿಳ್ಳೆ ಹಾಕುತ್ತಿದ್ದ ನಮ್ಮನೆಯವರು ಆ ಕ್ಷಣದಿಂದ ಏದುಸಿರು ಬಿಡಲು ಶುರು ಮಾಡಿದರು.

ಕೈ

ಇಷ್ಟು ತಯಾರಿಯೊಂದಿಗೆ ಸ್ಪೇನಿಗೆ ಬಂದಿಳಿದೆವು. ಮೇಡಂ ಹೇಳಿದ್ದು ಸುಳ್ಳಲ್ಲ. ಕಣ್ಣು ಹಾಯುವವರೆಗೆ ಮಳೆ ಕೊರೆದು ಬಿಟ್ಟ ಕೆಂಪು ಮಣ್ಣಿನ ಗೋಡೆಗಳು, ನಡುವೆ ಒಂದು ಜಲ್ಲಿ ದಾರಿ. ಮನುಷ್ಯರಿಲ್ಲ, ಮರ ಇಲ್ಲ, ಹಾರ್ನ್ ಇಲ್ಲ. ಮೊದಲ ತಿರುವು ಬಂತು. ಮುಂದಿದ್ದ ಮೇಡಂ ಎಡಗೈಯನ್ನು ಭುಜದ ನೇರಕ್ಕೆ ಚಾಚಿ, ಹಿಂದೆ ತಿರುಗಿ ನೋಡಿ, ಆಮೇಲೆ ಎಡಕ್ಕೆ ತಿರುಗಿದರು. ಮುಂದಿನ ತಿರುವಿನಲ್ಲಿ ಬಲಗೈ.

ಅವರ ಹಿಂದಿದ್ದ ಉಡುಪಿಯವರಿಗೆ ನಗು ತಡೆಯಲಾಗಲಿಲ್ಲ. "ಮೇಡಂ, ಇಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರಿಗೆ ಕೈ ತೋರಿಸುತ್ತೀರಿ?"

ಮೇಡಂ ತುಳಿಯುತ್ತಲೇ ಇದ್ದರು. ಉಡುಪಿಯವರು ನಮ್ಮ ಕಡೆ ತಿರುಗಿ, "ನೋಡಿ ಮಾರಾಯ್ರೆ, ಓತಿಕ್ಯಾತಕ್ಕೂ ಸಿಗ್ನಲ್ ಕೊಡ್ತಾರೆ ಇವರು" ಅಂತ ಹೇಳುತ್ತಿರುವಾಗಲೇ ಮೇಡಂ ಮತ್ತೊಮ್ಮೆ ಕೈ ಎತ್ತಿ, ನಿಧಾನ ಮಾಡಿ, ನಿಂತರು. ಉಡುಪಿಯವರು ನಿಲ್ಲಲಿಲ್ಲ. ಮೇಡಂ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗುದ್ದಿ, ಒಂದು ಪಲ್ಟಿ ಹೊಡೆದು, ಧೂಳಿನಲ್ಲಿ ಅಂಗಾತ ಬಿದ್ದರು.

ಮೇಡಂ ಸೈಕಲ್ ಒರಗಿಸಿ, ಹತ್ತಿರ ಬಂದು, ಮೂಳೆ ಎಲ್ಲ ಸರಿಯಿದೆಯಾ ಅಂತ ಮುಟ್ಟಿ ನೋಡಿ, ಆಮೇಲೆ ಸಮಾಧಾನವಾಗಿ ಹೇಳಿದರು: "ನಿನಗೆ."

ಟ್ರಾಫಿಕ್

ಎರಡನೇ ದಿನ ಮಧ್ಯಾಹ್ನ ಹಿಂದಿನಿಂದ ಒಂದು ಕಾರು ಬಂತು. ಕಾರು ನೋಡಿ ಹಬ್ಬಕ್ಕೆ ನೆಂಟರು ಬಂದ ಹಾಗೆ ನಾವೆಲ್ಲ ಕೈ ಬೀಸಿದೆವು. ಒಳಗೆ ಒಬ್ಬರೇ ಇದ್ದರು, ಬೆವರು ಒರೆಸಿಕೊಳ್ಳುತ್ತಿದ್ದರು. ಅವರ ಫೋನಿನ ಮ್ಯಾಪು ಕೈಕೊಟ್ಟು, ಹೆದ್ದಾರಿ ಬಿಟ್ಟು ಇಲ್ಲಿ ಸಿಕ್ಕಿಹಾಕಿಕೊಂಡಿದ್ದರು. ದಾರಿ ಯಾವುದು ಅಂತ ಕೇಳಿದರು.

ಮೇಡಂ ಮುಂದೆ ಹೋಗಿಬಿಟ್ಟಿದ್ದರು. ನಮ್ಮನೆಯವರಿಗೆ ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲ ಅಂತ ಹೇಳಿ ಅಭ್ಯಾಸ ಇಲ್ಲ. "ಸೀದಾ ಹೋಗಿ, ಎಡಕ್ಕೆ ತಿರುಗಿ" ಅಂದರು. ಕಾರಿನವರು ನಂಬಿ ಹೋದರು.

ಸುಮಾರು ಹೊತ್ತಾದ ಮೇಲೆ ಅದೇ ಕಾರು ಎದುರಿನಿಂದ ಬಂತು. ಆ ಮನುಷ್ಯ ಗಾಜು ಇಳಿಸಿ, "ಅಲ್ಲಿ ಒಂದು ಪ್ರಪಾತ ಇದೆ" ಅಂದರು.

"ಅದರ ಮೊದಲೇ ತಿರುಗಬೇಕಿತ್ತು" ಅಂದರು ನಮ್ಮನೆಯವರು.

ಕಾರಿನವರು ಇನ್ನು ಯಾವ ಉಪದೇಶಕ್ಕೂ ಸಿದ್ಧರಿರಲಿಲ್ಲ. ಕಾರು ತಿರುಗಿಸಿ ನಮ್ಮ ಬೆನ್ನ ಹಿಂದೆ ನಿಂತು, ನೀವು ಹೋಗಿ, ನಾನು ಬರುತ್ತೇನೆ ಅಂದರು. ಏರಿನಲ್ಲಿ ನಾವು ಸೈಕಲ್ ಇಳಿದು ತಳ್ಳಿದರೆ ಅವರೂ ಫಸ್ಟ್ ಗೇರಿನಲ್ಲಿ ತೆವಳುತ್ತ ಬಂದರು. ನಾವು ನೀರು ಕುಡಿಯಲು ನಿಂತರೆ ಅವರೂ ನಿಂತು ಕುಡಿದರು. ಸಂಜೆ ಊರು ಮುಟ್ಟುವವರೆಗೂ ನಮ್ಮ ಹಿಂದೆ ಹಾಗೆಯೇ ಬಂದರು. ಮೇಡಂ ತಿರುಗಿ ನೋಡಿ, "ಇಷ್ಟು ವರ್ಷದಿಂದ ಬರುತ್ತಿದ್ದೇನೆ, ಇಲ್ಲಿ ಟ್ರಾಫಿಕ್ ಜಾಮ್ ನೋಡಿದ್ದು ಇದೇ ಮೊದಲು" ಅಂದರು.

ಬಾದಾಮಿ

ಕೊನೆಯ ದಿನದ ಹಿಂದಿನ ದಿನ ಬೆಳಿಗ್ಗೆ ಒಬ್ಬ ಮುದುಕ ಕುರಿ ಮಂದೆ ಹೊಡೆದುಕೊಂಡು ದಾರಿ ದಾಟುತ್ತಿದ್ದ. ನಾವು ಕಾದು ನಿಂತಿದ್ದೆವು. ಆಗ ನಮ್ಮನೆಯವರ ಫೋನಿಗೆ ಹುಬ್ಬಳ್ಳಿಯಿಂದ ನಮ್ಮ ಅತ್ತೆಯ ವಿಡಿಯೋ ಕಾಲ್ ಬಂತು. ಅತ್ತೆ ಅಲ್ಲಿ ನನ್ನ ಮೈದುನನ ಮನೆಯಲ್ಲಿದ್ದಾರೆ. ಮುಂದಿನ ರಜೆಗೆ ಬರುತ್ತೇವೆ, ಮುಂದಿನ ರಜೆಗೆ ಬರುತ್ತೇವೆ ಅಂತ ನಾವು ಊರಿಗೆ ಹೋಗದೆ ಬಹಳ ದಿನವಾಗಿತ್ತು. ಅತ್ತೆಗೆ ಅದರ ಸಿಟ್ಟೂ ಇತ್ತು.

"ಎಲ್ಲಿದ್ದೀಯಪಾ?" ಅಂದರು.

"ಸ್ಪೇನ್ ಬೇ. ಸೈಕಲ್ ಹೊಡಿಯಾಕ ಬಂದೇವಿ."

ಅತ್ತೆ ಫೋನಿಗೆ ಕಣ್ಣು ಹತ್ತಿರ ತಂದು ನೋಡಿದರು. ಮಗನ ಹಿಂದೆ ಕೆಂಪು ಗುಡ್ಡ, ಧೂಳು, ಕುರಿ.

"ನನ್ನ ಮುಂದ ಸುಳ್ಳ ಹೇಳಬ್ಯಾಡ. ಅದು ಬಾದಾಮಿ ಅಲ್ಲೇನು? ಊರಿಗೆ ಬಂದು, ಮನೀಗೆ ಬರದ ಗುಡ್ಡ ತಿರಗಾಕ ಹತ್ತೀರಿ."

ನಮ್ಮನೆಯವರು ಆಣೆ ಮಾಡಿದರು. ನಾನೂ ಮಾಡಿದೆ. ಉಡುಪಿಯವರು ಅಡ್ಡಬಾಯಿ ಹಾಕಿದರು. ಅವರೂ ಕನ್ನಡದಲ್ಲೇ ಮಾತಾಡಿದ್ದರಿಂದ ಅತ್ತೆಯ ಅನುಮಾನ ಇನ್ನೂ ಗಟ್ಟಿಯಾಯಿತು. ಪರದೇಶದ ಮುಖ ತೋರಿಸೋಣ ಅಂದರೆ ಮೇಡಂ ಮರೆಗೆ ಒಂದು ಪೊದೆ ಹುಡುಕಿಕೊಂಡು ಹೋಗಿದ್ದರು.

"ಆ ಕುರಿ ಕಾಯಾಂವ್ಗ ಫೋನ್ ಕೊಡು. ಅಂವಾ ಖರೇ ಹೇಳತಾನ."

ಬೇರೆ ದಾರಿ ಕಾಣದೆ ಕೊಟ್ಟರು. ಮುದುಕ ವಯಸ್ಸಾದ ಹೆಂಗಸಿನ ಮುಖ ಕಂಡು ಟೋಪಿ ತೆಗೆದ.

"ಯಪ್ಪಾ, ಇದು ಬಾದಾಮಿ ಹೌದಿಲ್ಲೋ?"

"ಸಿ, ಸಿ" ಅಂತ ಮುದುಕ ತನ್ನ ಭಾಷೆಯಲ್ಲಿ ಹೌದು ಹೌದು ಅಂದು ಚೆನ್ನಾಗಿ ತಲೆ ಆಡಿಸಿದ.

"ಕುರಿ ಎಲ್ಲಾ ನಿನ್ನವ ಏನು?"

"ಸಿ, ಸಿ" ಅಂದು ಒಂದು ಮರಿಯನ್ನು ಎತ್ತಿ ತೋರಿಸಿದ. ಅತ್ತೆಗೆ ಸಂತೋಷವಾಯಿತು. ಮಳೆ ಬೆಳೆ ವಿಚಾರಿಸಿದರು. ಅವನೂ ಏನೇನೋ ಹೇಳಿದ. ಒಬ್ಬರದೊಬ್ಬರಿಗೆ ಒಂದಕ್ಷರ ತಿಳಿಯದೆ ಇಬ್ಬರೂ ತುಂಬ ಹೊತ್ತು ಸುಖದುಃಖ ಹಂಚಿಕೊಂಡರು. ಫೋನ್ ವಾಪಸ್ ಬಂದಾಗ ಅತ್ತೆ ಬಹಳ ಶಾಂತವಾಗಿದ್ದರು. "ಆತು ಬಿಡು" ಅಂತ ಇಟ್ಟರು.

"ನಂಬಿದಳು" ಅಂದರು ನಮ್ಮನೆಯವರು.

ಮಾರನೆಯ ದಿನ ಬೆಳಿಗ್ಗೆ ನಾವು ತಿಂಡಿ ತಿನ್ನುವಾಗ ಮೈದುನನ ಫೋನ್ ಬಂತು. ಹಿಂದೆ ಬಸ್ಸುಗಳ ಗದ್ದಲ.

"ಅಣ್ಣಾ, ಎಲ್ಲಿದ್ದೀರಿ? ಬಾದಾಮಿ ಬಸ್ ಸ್ಟ್ಯಾಂಡಿನ್ಯಾಗ ನಿಂತೇನಿ. ಅವ್ವ ನಿಮಗೆಲ್ಲ ರೊಟ್ಟಿ, ಎಣಗಾಯಿ ಕಟ್ಟಿ ಕಳಿಸ್ಯಾಳ. ಕುರಿ ಕಾಯೋ ಯಜಮಾನಗ ಬ್ಯಾರೆ ಡಬ್ಬಿ ಕೊಟ್ಟಾಳ, ಅಂವಾ ಎಲ್ಲಿ ಸಿಗತಾನ?"